ಅಂಚೆಯ ಲೆಕ್ಕ ಬೇರೆ, ಪುಸ್ತಕದ ಲೆಕ್ಕ ಬೇರೆ

2025ರ ಸಂಕ್ರಾಂತಿಯ ಹೊತ್ತಿಗೆ ತಿಪಟೂರಿನ ನಮ್ಮ ಮನೆಯನ್ನು ಬಿಟ್ಟು ಮೈಸೂರಿಗೆ, ಮಗನ ಮನೆಗೆ, ಹೋಗುವುದೆಂದು ತೀರ್ಮಾನವಾಯಿತು. ಮಗನ ಮನೆಯಲ್ಲಿ ನಮಗೆಂದು ಒಂದು ಕೋಣೆ, ಆ ಕೋಣೆಯಲ್ಲಿ ಪುಸ್ತಕಗಳಿಗೆಂದು ಎರಡು ಅರೆಗಳ ಕಪಾಟು. ನನ್ನಲ್ಲಿದ್ದ ಪುಸ್ತಕಗಳಾದರೋ ಆರುನೂರಕ್ಕೂ ಹೆಚ್ಚು. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನ ಮನೆಯಲ್ಲಿ ಗಣಿತದ ಪುಸ್ತಕಗಳಿಗಿಂತ ಕಾದಂಬರಿಗಳೇ ಹೆಚ್ಚಿದ್ದವು ಎಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಬಲ್ಲರು. ಅವರಲ್ಲಿ ಹಲವರು ಅವುಗಳನ್ನು ಎರವಲು ಒಯ್ದವರೇ. ಕೆಲವರು ಹಿಂದಿರುಗಿಸಿದವರೂ ಹೌದು.

ಮೊದಲಿಗೆ ಬಂದವನು ಹಳೆಯ ಪೇಪರಿನ ಅಂಗಡಿಯವನು. ಕಪಾಟುಗಳನ್ನೊಮ್ಮೆ ನೋಡಿ, "ಕೆ.ಜಿ.ಗೆ ಹದಿನೈದು ಕೊಡ್ತೀನಿ ಮೇಷ್ಟ್ರೇ. ಆದ್ರೆ ರಟ್ಟಿನ ಬೈಂಡು ಕಿತ್ತು ತೂಕ ಹಾಕ್ತೀನಿ" ಎಂದನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವನ ವ್ಯಾಪಾರ ಕಾಗದದ್ದು, ಅಕ್ಷರದ್ದಲ್ಲ. ಆದರೆ ಒಳಗಿನಿಂದ ನಮ್ಮ ಮನೆಯವರು, "ಅವನ್ನ ತೂಕಕ್ಕೆ ಹಾಕೋ ದಿವಸ ನಾನು ಮನೇಲಿರಲ್ಲ, ಮೊದಲೇ ಹೇಳಿಬಿಟ್ಟಿದೀನಿ" ಎಂದರು. ಹೀಗಾಗಿ ಅವನು ಬರಿಗೈಯಲ್ಲಿ ಹೋದನು. ಆ ಸಂಜೆ ಮಗಳು ದೂರವಾಣಿಯಲ್ಲಿ, "ಅಪ್ಪ, ಆನ್‌ಲೈನಿನಲ್ಲಿ ಮಾರಿ. ಓದೋರಿಗೇ ಹೋಗುತ್ತೆ" ಎಂದು ಸಲಹೆಯಿತ್ತಳು, ನನ್ನ ಹೆಸರಿನಲ್ಲಿ ಒಂದು ಜಾಲತಾಣದಲ್ಲಿ ಖಾತೆಯನ್ನೂ ತೆರೆದುಕೊಟ್ಟಳು.

ಅಲ್ಲಿಂದ ಮುಂದಿನ ಮೂರು ತಿಂಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಈಗ ಐವತ್ತು ದಾಟಿದ್ದೀರಿ. ತಂದೆ ತಾಯಿಯರ ಮನೆಯನ್ನು ಖಾಲಿ ಮಾಡುವ ಕಾಲ ನಿಮಗೂ ಬಂದಿದೆ, ಇಲ್ಲವೇ ಬರಲಿದೆ. ಹಳೆಯ ಸಾಮಾನನ್ನು ಮಾರುವುದು ಸುಲಭ. ಮಾರಿದ ಮೇಲೆ ಲೆಕ್ಕ ಸರಿಹೋಗುವುದು ಕಷ್ಟ. ಅದಕ್ಕಿಂತಲೂ ಕಷ್ಟವಾದ ಇನ್ನೊಂದು ಸಂಗತಿಯಿದೆ. ಅದನ್ನು ಮುಂದೆ ಹೇಳುತ್ತೇನೆ.

ನನ್ನ ಮೊದಲ ಮಾರಾಟ ಒಂದು ದಪ್ಪ ನಿಘಂಟು. ಎಲ್ಲರೂ ಹಾಗೆಯೇ ಬರೆಯುತ್ತಾರೆಂದು ನಾನೂ "ಬೆಲೆ 300 ರೂಪಾಯಿ, ಅಂಚೆ ವೆಚ್ಚ ಉಚಿತ" ಎಂದು ಬರೆದೆ. ಎರಡೇ ದಿನಗಳಲ್ಲಿ ಅದು ಮಾರಾಟವಾಯಿತು. ಬಹಳ ಸಂತೋಷದಿಂದ ರಟ್ಟಿನ ಪೆಟ್ಟಿಗೆ, ಟೇಪು ತಂದು ಕಟ್ಟಿದೆ. ಆಟೋದಲ್ಲಿ ಅಂಚೆ ಕಚೇರಿಗೆ ಒಯ್ದೆ. ನಿಘಂಟಿನ ತೂಕ 1.9 ಕಿಲೋ. ಕಟ್ಟಿದ ಮೇಲೆ ಅದು 2.1 ಕಿಲೋ ಆಗಿತ್ತು. ಅಂದಿನ ನೋಂದಾಯಿತ ಪಾರ್ಸೆಲಿನ ದರ ಅರ್ಧ ಕಿಲೋಗೊಂದು ಮೆಟ್ಟಿಲಿನಂತೆ ಏರುತ್ತಿತ್ತು. 2 ಕಿಲೋಗೆ 116 ರೂಪಾಯಿ. ಅದರ ಮೇಲೆ ನೂರೇ ಗ್ರಾಂ ಹೆಚ್ಚಾದರೂ ಮುಂದಿನ ಮೆಟ್ಟಿಲಿನ 135 ರೂಪಾಯಿ. ನನ್ನ ರಟ್ಟು ಮತ್ತು ಟೇಪು ಸೇರಿ 19 ರೂಪಾಯಿಯ ದಂಡ ಹಾಕಿದ್ದವು.

ಮನೆಗೆ ಬಂದು ಲೆಕ್ಕ ಬರೆದೆ. ಅಂಚೆಗೆ 135. ರಟ್ಟು, ಟೇಪಿಗೆ 25. ಆಟೋಗೆ ಹೋಗಿಬರಲು 40. ಜಾಲತಾಣದ ಶುಲ್ಕ ನೂರಕ್ಕೆ ಹತ್ತರಂತೆ 30. ಆ ಶುಲ್ಕದ ಮೇಲೆ ನೂರಕ್ಕೆ 18ರ ಜಿಎಸ್‌ಟಿ 5 ರೂಪಾಯಿ 40 ಪೈಸೆ. ಒಟ್ಟು 235 ರೂಪಾಯಿ 40 ಪೈಸೆ. ಕೈಗೆ ಉಳಿದದ್ದು 64 ರೂಪಾಯಿ 60 ಪೈಸೆ. ಪೇಪರಿನ ಅಂಗಡಿಯವನಿಗೆ ಬೈಂಡು ಕೀಳದೆ ಕೊಟ್ಟಿದ್ದರೂ 28 ರೂಪಾಯಿ 50 ಪೈಸೆ ಬರುತ್ತಿತ್ತು. ಅರ್ಧ ದಿನದ ದುಡಿಮೆಗೆ ನನಗೆ ದಕ್ಕಿದ ಹೆಚ್ಚುವರಿ 36 ರೂಪಾಯಿ ಚಿಲ್ಲರೆ.

ಇದನ್ನು ಓದುತ್ತಾ ನಿಮ್ಮಲ್ಲಿ ಕೆಲವರು ನಗುತ್ತಿರಬಹುದು. ನಗಬೇಕಾದದ್ದೇ. ಲಾಭ ನಷ್ಟದ ಪಾಠದಲ್ಲಿ "ಕೊಂಡ ಬೆಲೆಗೆ ಸಾಗಣೆ ವೆಚ್ಚವನ್ನು ಸೇರಿಸದೆ ಲಾಭ ಹೇಳಿದರೆ ಸೊನ್ನೆ ಅಂಕ" ಎಂದು ಮೂವತ್ತನಾಲ್ಕು ವರ್ಷ ಗದರಿದವನು ನಾನೇ.

ನಿಜವಾಗಿ ಈ ಪಾಠವನ್ನು ನಾನು ಶಾಲೆಗಿಂತ ಮೊದಲೇ ಕಲಿತಿದ್ದೆ. ನಮ್ಮ ತಂದೆಯವರದು ಸಣ್ಣ ತೆಂಗಿನ ತೋಟ. ವರ್ಷಕ್ಕೆ ಒಂದೆರಡು ಬಾರಿ ಕೊಬ್ಬರಿ ಚೀಲಗಳನ್ನು ಗಾಡಿಯಲ್ಲಿ ಹಾಕಿಕೊಂಡು ತಿಪಟೂರಿನ ಮಂಡಿಗೆ ಹೋಗುತ್ತಿದ್ದರು. ಸಂಜೆ ಬಂದು ಮಂಡಿಯ ಚೀಟಿಯನ್ನು ನನ್ನ ಕೈಗೆ ಕೊಟ್ಟು ಓದಿಸುತ್ತಿದ್ದರು. ಮೇಲೆ ಕೊಬ್ಬರಿಯ ಬೆಲೆ. ಕೆಳಗೆ ಒಂದೊಂದೇ ಸಾಲಿನಲ್ಲಿ ದಲ್ಲಾಳಿ, ಹಮಾಲಿ, ತೂಕದ ಕೂಲಿ, ಗಾಡಿ ಬಾಡಿಗೆ. ಕೊನೆಗೆ ಕೈಗೆ ಬಂದ ಮೊತ್ತ. ತಂದೆಯವರಿಗೆ ಓದು ಬಾರದು. ಆದರೂ ಪ್ರತಿಯೊಂದು ಸಾಲನ್ನೂ ಎರಡೆರಡು ಸಲ ಕೇಳಿಸಿಕೊಳ್ಳುವರು. "ಎಷ್ಟು ಹಿಡಿದ್ರು ಅನ್ನೋದಲ್ಲ ಕಣೋ. ಯಾತಕ್ಕೆ ಹಿಡಿದ್ರು ಅಂತ ಬರೆದಿದಾರಾ, ಅದನ್ನ ನೋಡು" ಎನ್ನುವರು. ಆ ಮಾತಿನ ಪೂರ್ಣ ಅರ್ಥ ನನಗಾದದ್ದು ಎಪ್ಪತ್ತು ದಾಟಿದ ಮೇಲೆ.

ನಿಘಂಟಿನ ಪ್ರಸಂಗದ ನಂತರ ನಾನು ಜಾಣನಾದೆನೆಂದು ಭಾವಿಸಿದೆ. ಜಾಲತಾಣವನ್ನು ಬಿಟ್ಟು, ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಬಳಗದಲ್ಲಿಯೇ ಪುಸ್ತಕಗಳ ಪಟ್ಟಿಯನ್ನು ಹಾಕಿದೆ. ಅಲ್ಲಿ ಶುಲ್ಕವಿಲ್ಲ, ಹಣ ಯುಪಿಐ ಮೂಲಕ ನೇರವಾಗಿ ಬರುತ್ತದೆ. ಅಂಚೆಯ ಲೆಕ್ಕವನ್ನೂ ಸರಿಮಾಡಿದೆ. ಒಂದು ಸಾಧಾರಣ ಪುಸ್ತಕವನ್ನು ಕಳುಹಿಸಲು ಅರ್ಧ ಕಿಲೋ ಒಳಗಾದರೆ ಸುಮಾರು 60, ಮೇಲಾದರೆ 78 ರೂಪಾಯಿ ಬೀಳುತ್ತಿತ್ತು. ಸರಾಸರಿ 70 ಎಂದು ಹಿಡಿದು, ಪ್ರತಿ ಪುಸ್ತಕದ ಬೆಲೆಯೊಳಗೆ ಆ 70 ರೂಪಾಯಿಯನ್ನು ಸೇರಿಸಿಬಿಟ್ಟೆ. ಪಟ್ಟಿಯ ಕೆಳಗೆ "ಅಂಚೆ ವೆಚ್ಚ ಬೆಲೆಯಲ್ಲಿಯೇ ಸೇರಿದೆ" ಎಂಬ ಟಿಪ್ಪಣಿ. ನೋಡಲು ಅಚ್ಚುಕಟ್ಟಾಗಿತ್ತು. ಪುಸ್ತಕಗಳು ಹೋಗತೊಡಗಿದವು.

ಒಂದು ವಾರದಲ್ಲಿ ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಅಧ್ಯಾಪಕಿಯಾಗಿರುವ ನನ್ನ ವಿದ್ಯಾರ್ಥಿನಿಯೊಬ್ಬಳು ನಾಲ್ಕು ಪುಸ್ತಕಗಳನ್ನು ಕೇಳಿದಳು. ಹೇಳಿದ ಬೆಲೆಯನ್ನು ಮರುಮಾತಿಲ್ಲದೆ ಕಳುಹಿಸಿದಳು. ನಾಲ್ಕನ್ನೂ ಒಟ್ಟಿಗೆ ಕಟ್ಟಿ, ಈ ಸಲ ಜಾಗರೂಕತೆಯಿಂದ 2 ಕಿಲೋ ದಾಟದಂತೆ ನೋಡಿಕೊಂಡು, 116 ರೂಪಾಯಿಗೆ ಕಳುಹಿಸಿದೆ. ಪೊಟ್ಟಣ ತಲುಪಿದ ದಿನ ಅವಳ ಕರೆ ಬಂತು. ಪುಸ್ತಕಗಳು ಚೆನ್ನಾಗಿವೆಯೆಂದಳು; ನಮ್ಮ ಮನೆಯವರ ಆರೋಗ್ಯ ವಿಚಾರಿಸಿದಳು. ಕೊನೆಯಲ್ಲಿ ಸ್ವಲ್ಪ ಸಂಕೋಚದಿಂದ, "ಸಾರ್, ಒಂದು ಕೇಳ್ಲಾ? ನಾನು ಒಂದೇ ಪುಸ್ತಕ ತಗೊಂಡಿದ್ರೂ ಅದರ ಬೆಲೆ ಅಷ್ಟೇ ಇರ್ತಿತ್ತಾ?" ಎಂದಳು.

"ಹೌದಮ್ಮಾ, ಅಷ್ಟೇ" ಎಂದೆ.

"ಸರಿ ಸಾರ್. ಮಕ್ಕಳಿಗೆ ಹೇಳೋಕೆ ಕೇಳ್ದೆ" ಎಂದು ಕರೆಯನ್ನು ಮುಗಿಸಿದಳು.

ಅವಳು ಮತ್ತೇನನ್ನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಾಲ್ಕು ಪುಸ್ತಕಗಳ ಬೆಲೆಯೊಳಗೆ ನಾಲ್ಕು ಎಪ್ಪತ್ತು, ಅಂದರೆ 280 ರೂಪಾಯಿ ಅಂಚೆ ವೆಚ್ಚವನ್ನು ಪಡೆದಿದ್ದೆ, ಖರ್ಚಾದದ್ದು 116. ಉಳಿದ 164 ರೂಪಾಯಿ ಯಾರದು? ನಾನು ಸುಳ್ಳು ಹೇಳಿರಲಿಲ್ಲ. ಅಂಚೆ ವೆಚ್ಚ ಬೆಲೆಯಲ್ಲಿ ಸೇರಿದೆ ಎಂದಿದ್ದೆ, ಅದು ನಿಜ. ಎಷ್ಟು ಸೇರಿದೆ ಎಂದು ಹೇಳಿರಲಿಲ್ಲ, ಅದೂ ನಿಜ. ಮಂಡಿಯ ಚೀಟಿಯಲ್ಲಿ ದಲ್ಲಾಳಿ, ಹಮಾಲಿಗಳನ್ನು ಬರೆಯದೆ ಒಟ್ಟು ಮೊತ್ತವನ್ನಷ್ಟೇ ಕೊಟ್ಟಿದ್ದರೆ ನಮ್ಮ ತಂದೆಯವರು ಆ ಮಂಡಿಗೆ ಮತ್ತೆ ಹೋಗುತ್ತಿರಲಿಲ್ಲ. ನಾನು ಮಾಡಿದ್ದು ಅದನ್ನೇ. ಅದೂ ತನ್ನ ಸಂಬಳದಿಂದ ಶಾಲೆಯ ಮಕ್ಕಳಿಗಾಗಿ ಪುಸ್ತಕ ಕೊಳ್ಳುತ್ತಿದ್ದವಳಿಗೆ.

ಅಂದು ರಾತ್ರಿ 164 ರೂಪಾಯಿಯನ್ನು ಅವಳಿಗೆ ಹಿಂದಿರುಗಿಸಿದೆ. ಲೆಕ್ಕವನ್ನೂ ಬರೆದು ಕಳುಹಿಸಿದೆ. "ಬಂತು ಸಾರ್" ಎಂದು ಉತ್ತರಿಸಿದಳು. ಬೇಡವೆನ್ನಲಿಲ್ಲ. ಬೇಡವೆನ್ನದೆ ಇದ್ದುದು ನನಗೆ ಸಮಾಧಾನ ತಂದಿತು; ಲೆಕ್ಕವನ್ನು ಲೆಕ್ಕವೆಂದೇ ತಿಳಿಯುವಂತೆ ಕಲಿಸಿದ್ದೆನಲ್ಲಾ! ಅದುವರೆಗೆ ಒಂದಕ್ಕಿಂತ ಹೆಚ್ಚು ಪುಸ್ತಕ ಕೊಂಡಿದ್ದ ಉಳಿದ ಐವರಿಗೂ ಮರುದಿನ ಹಾಗೆಯೇ ಮಾಡಿದೆ.

ಈ ಅನುಭವದಿಂದ ನನಗೆ ದೃಢವಾದ ಅಭಿಪ್ರಾಯ ಒಂದೇ. ಹಳೆಯ ವಸ್ತುವನ್ನು ಮಾರುವಾಗ ವಸ್ತುವಿನ ಬೆಲೆಯನ್ನೂ ಅದನ್ನು ತಲುಪಿಸುವ ವೆಚ್ಚವನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆಯಬೇಕು. ಒಂದನ್ನು ಇನ್ನೊಂದರಲ್ಲಿ ಬಚ್ಚಿಡಬಾರದು. ಬಚ್ಚಿಟ್ಟರೆ ಒಮ್ಮೆ ಮಾರುವವನಿಗೆ ಮೋಸ, ಮತ್ತೊಮ್ಮೆ ಕೊಳ್ಳುವವನಿಗೆ ಮೋಸ. ನನಗೆ ಎರಡೂ ಆದವು.

ಮಗಳು ಇದನ್ನು ಒಪ್ಪುವುದಿಲ್ಲ. "ಅಂಚೆ ವೆಚ್ಚ ಬೇರೆ ಅಂದ್ರೆ ಜನ ಓಡಿಹೋಗ್ತಾರೆ ಅಪ್ಪ. ಉಚಿತ ಅಂದ್ರೆ ಮಾತ್ರ ಕೊಳ್ಳೋದು" ಎನ್ನುತ್ತಾಳೆ. ಅವಳ ಮಾತಿನಲ್ಲಿ ಸತ್ಯಾಂಶವಿದೆ. ಮನುಷ್ಯಸ್ವಭಾವವೇ ಹಾಗೆ, 130 ರೂಪಾಯಿಯ ಪುಸ್ತಕವನ್ನು ಕೊಳ್ಳುವವನು 60 ರೂಪಾಯಿಯ ಪುಸ್ತಕಕ್ಕೆ 70 ರೂಪಾಯಿ ಅಂಚೆ ಎಂದೊಡನೆ ಹಿಂಜರಿಯುತ್ತಾನೆ. ಆದರೆ ದಿನಕ್ಕೆ ಸಾವಿರಾರು ಪೊಟ್ಟಣಗಳನ್ನು ಕಳುಹಿಸುವ ದೊಡ್ಡ ಅಂಗಡಿಯ ರೀತಿಯೇ ಬೇರೆ. ಅದಕ್ಕೆ ಸಾಗಣೆದಾರರೊಡನೆ ಕಡಿಮೆ ದರದ ಒಪ್ಪಂದವಿರುತ್ತದೆ. ದೂರದವನ ನಷ್ಟವನ್ನು ಹತ್ತಿರದವನ ಉಳಿತಾಯ ತುಂಬುತ್ತದೆ. ಮನೆಯ ಮೂಲೆಯಲ್ಲಿ ಕುಳಿತು ನಾಲ್ಕು ಪುಸ್ತಕ ಮಾರುವ ನಮಗೆ ಆ ಸರಾಸರಿಯ ಆಸರೆಯಿಲ್ಲ. ಸರಾಸರಿಯೆಂಬುದು ದೊಡ್ಡ ಸಂಖ್ಯೆಗಳ ಮಿತ್ರ, ಸಣ್ಣ ಸಂಖ್ಯೆಗಳಿಗೆ ಅದನ್ನು ನಂಬಿದರೆ ಕೈಕೊಡುತ್ತದೆ. ಒಂಬತ್ತನೆಯ ತರಗತಿಯಲ್ಲಿ ಹೇಳಿದ್ದೆ, ನೆನಪಿರಬಹುದು.

ಬೇರೆ ಬೇರೆ ಬರೆದ ಮಾತ್ರಕ್ಕೆ ಪ್ರಾಮಾಣಿಕತೆ ಬಂದೀತೆಂದೂ ಅಲ್ಲ. ಅಮೆರಿಕದ ಇಬೇ ಜಾಲತಾಣದಲ್ಲಿ ಮಾರಾಟಗಾರರು ವಸ್ತುವಿನ ಬೆಲೆಯನ್ನು ಅತ್ಯಲ್ಪವಾಗಿ ತೋರಿಸಿ, ಸಾಗಣೆ ವೆಚ್ಚವನ್ನು ವಿಪರೀತವಾಗಿ ಏರಿಸುವ ಉಪಾಯ ಹೂಡುತ್ತಿದ್ದರು. ತಾಣದ ಶುಲ್ಕ ಅಂದು ವಸ್ತುವಿನ ಬೆಲೆಯ ಮೇಲೆ ಮಾತ್ರ ಇದ್ದುದರಿಂದ, ಸಾಗಣೆಯ ಸಾಲಿನಲ್ಲಿ ಅಡಗಿಸಿದ ಲಾಭಕ್ಕೆ ಶುಲ್ಕ ತಗಲುತ್ತಿರಲಿಲ್ಲ. 2011ರಲ್ಲಿ ಆ ಸಂಸ್ಥೆ ಅಲ್ಲಿ ಸಾಗಣೆ ವೆಚ್ಚವೂ ಸೇರಿದ ಒಟ್ಟು ಮೊತ್ತದ ಮೇಲೆ ಶುಲ್ಕ ವಿಧಿಸತೊಡಗಿತು. ಕೆಲವರ ಜಾಣತನಕ್ಕೆ ನಿಜವಾದ ಅಂಚೆ ವೆಚ್ಚವನ್ನಷ್ಟೇ ಪಡೆಯುತ್ತಿದ್ದವರೂ ತೆರುವಂತಾಯಿತು. ಆದ್ದರಿಂದ ಸಾಲುಗಳು ಬೇರೆಯಾಗಿರಬೇಕು, ಅಂಚೆಯ ಸಾಲಿನಲ್ಲಿ ಅಂಚೆಗೆ ತೆತ್ತ ಹಣವಷ್ಟೇ ಇರಬೇಕು. ಪುಸ್ತಕದಲ್ಲಿ ಲಾಭ ಮಾಡಿಕೊಳ್ಳಿ, ಯಾರೂ ಬೇಡವೆನ್ನರು. ಅಂಚೆಯಲ್ಲಿ ಲಾಭ ಮಾಡಿಕೊಳ್ಳಬೇಡಿ.

ಇಷ್ಟು ತತ್ತ್ವ. ಇನ್ನು ಲೆಕ್ಕಕ್ಕೆ ಬರೋಣ. ಇದು ಮೇಷ್ಟರ ಪುಟವಷ್ಟೆ.

ಮೊದಲನೆಯದು, ಬೆಲೆ ಹೇಳುವ ಮೊದಲು ತೂಗಬೇಕು; ಕಟ್ಟಿದ ಮೇಲೆ ತೂಗಬೇಕು. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ದರ ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ ಹತ್ತು ಗ್ರಾಂ ಕೂಡ ಕೆಲವೊಮ್ಮೆ ಮುಖ್ಯವಾಗುತ್ತದೆ. ರಟ್ಟಿನ ದೊಡ್ಡ ಪೆಟ್ಟಿಗೆಗಿಂತ ಪುಸ್ತಕದ ಅಳತೆಗೆ ಮಡಿಸಿದ ರಟ್ಟು, ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಹಾಳೆ, ಇಷ್ಟೇ ಸಾಕು. ಪುಸ್ತಕದ ನಾಲ್ಕು ಮೂಲೆಗಳನ್ನು ಮಾತ್ರ ಜೋಪಾನ ಮಾಡಿ. ಏಟು ಬೀಳುವುದು ಅಲ್ಲಿಗೇ.

ಎರಡನೆಯದು, ದೊಡ್ಡ ಪೆಟ್ಟಿಗೆಯಿಂದ ಇನ್ನೊಂದು ಹಾನಿ. ಅನೇಕ ಕೊರಿಯರ್ ಸಂಸ್ಥೆಗಳು ತೂಕದ ಜೊತೆಗೆ ಗಾತ್ರವನ್ನೂ ಲೆಕ್ಕಿಸುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ನಿಜವಾದ ತೂಕ, ಗಾತ್ರದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. 30, 30, 20 ಸೆಂಟಿಮೀಟರಿನ ಪೆಟ್ಟಿಗೆಯ ಘನಫಲ 18,000. 5000ದಿಂದ ಭಾಗಿಸಿ, 3.6 ಕಿಲೋ. ಒಳಗೆ 1.2 ಕಿಲೋ ಪುಸ್ತಕವಿದ್ದರೂ ನೀವು ತೆರುವುದು 3.6 ಕಿಲೋಗೆ. ಉಳಿದ 2.4 ಕಿಲೋ ಬರಿಯ ಗಾಳಿ. ಗಾಳಿಯನ್ನು ಕಳುಹಿಸಲು ಯಾರೂ ಹಣ ಕೊಡಬಾರದು. ಸ್ಟೀಲಿನ ಪಾತ್ರೆ, ಮಿಕ್ಸಿ, ಆಟಿಕೆಗಳನ್ನು ಮಾರುವವರಿಗೆ ಇದು ಪುಸ್ತಕಕ್ಕಿಂತಲೂ ಹೆಚ್ಚು ಅನ್ವಯ.

ಮೂರನೆಯದು ಶುಲ್ಕದ ಲೆಕ್ಕ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದರೆ ಜಾಲತಾಣ ಪಡೆಯುವ ಶುಲ್ಕಕ್ಕೆ ಉಂಟು. ನೂರಕ್ಕೆ ಹತ್ತು ಎಂದರೆ ಅದರ ಮೇಲಿನ ತೆರಿಗೆ ಸೇರಿ ನೂರಕ್ಕೆ 11.8 ಆಯಿತು. ಕೈಗೆ 200 ರೂಪಾಯಿ ಬರಬೇಕಾದರೆ 200ಕ್ಕೆ ನೂರರ 11.8ನ್ನು ಕೂಡಿಸಿ 223 ರೂಪಾಯಿ 60 ಪೈಸೆ ಎನ್ನುವಿರಿ. ತಪ್ಪು. ಶುಲ್ಕ ಕಡಿಯುವುದು ಮಾರಿದ ಬೆಲೆಯ ಮೇಲೆ, ನಿಮಗೆ ಬರಬೇಕಾದ ಹಣದ ಮೇಲಲ್ಲ. ಹಾಗೆ ಮಾರಿದರೆ ಕೈಗೆ ಬರುವುದು 197 ರೂಪಾಯಿ 22 ಪೈಸೆ. ಕೂಡಿಸಬಾರದು, 200ನ್ನು 0.882ರಿಂದ ಭಾಗಿಸಬೇಕು. ಉತ್ತರ ಸುಮಾರು 227. ಅಂಚೆಯ 80 ರೂಪಾಯಿಯನ್ನೂ ಬೆಲೆಯೊಳಗೆ ಸೇರಿಸಿದರೆ ಶುಲ್ಕ ಅಂಚೆಯ ಹಣದ ಮೇಲೂ ಬೀಳುತ್ತದೆ. ಆಗ 280ನ್ನು ಭಾಗಿಸಬೇಕು, ಬೆಲೆ ಸುಮಾರು 317 ರೂಪಾಯಿ 50 ಪೈಸೆ. ಸೇರಿದ ಶುಲ್ಕದಲ್ಲಿ ಹತ್ತು ರೂಪಾಯಿಗೂ ಹೆಚ್ಚು ಹಣ ಅಂಚೆಯದರ ಮೇಲಿನದು. ನೀವು ಮಾರುವ ತಾಣ ಯಾವುದರ ಮೇಲೆ ಶುಲ್ಕ ಹಾಕುತ್ತದೆಂಬುದನ್ನು ಮೊದಲೇ ಓದಿಕೊಳ್ಳಿ. ಶುಲ್ಕವೇ ಇಲ್ಲದ ತಾಣಗಳೂ ಇವೆ. ಅಲ್ಲಿ ಹಣಕ್ಕೂ ಸಾಗಣೆಗೂ ನೀವೇ ಹೊಣೆ.

ನಾಲ್ಕನೆಯದು, ಯಾವುದನ್ನು ಅಂಚೆಗೆ ಹಾಕಬಾರದೆಂಬ ವಿವೇಕ. ಹೊಸ ಪುಸ್ತಕ ಮನೆಗೆ ಬಂದು ತಲುಪಲು 250 ರೂಪಾಯಿ ಆಗುವುದಾದರೆ, ಹಳೆಯದಕ್ಕೆ ಎಲ್ಲ ಸೇರಿ 150ಕ್ಕಿಂತ ಹೆಚ್ಚು ಕೊಡಲು ಯಾರಿಗೂ ಮನಸ್ಸಾಗದು. ಅದರಲ್ಲಿ ಅಂಚೆ, ಕಟ್ಟುವ ಖರ್ಚು 80 ಕಳೆಯಿರಿ. ಪುಸ್ತಕದ ಬೆಲೆ 70. ಸರಿಯೇ. ಹೊಸದೇ 100 ರೂಪಾಯಿಗೆ ಸಿಗುವ ಪುಸ್ತಕವಾದರೆ? ಹಳೆಯದಕ್ಕೆ ಎಲ್ಲ ಸೇರಿ 60. ಅದರಲ್ಲಿ 80 ಕಳೆಯಿರಿ. ಉತ್ತರ ಋಣಸಂಖ್ಯೆ. ಅಂತಹ ಪುಸ್ತಕವನ್ನು ಮಾರಲು ಹೋಗಬೇಡಿ. ಊರಿನ ಶಾಲೆಗೋ, ಗ್ರಂಥಾಲಯಕ್ಕೋ, ಪಕ್ಕದ ಮನೆಯ ಹುಡುಗಿಗೋ ಕೈಯಾರೆ ಕೊಡಿ. ನಾನು ನೂರಾ ಎಂಬತ್ತು ಪುಸ್ತಕಗಳನ್ನು ಹೀಗೆ ನಾನು ಕಲಿಸಿದ ಶಾಲೆಗೇ ಕೊಟ್ಟೆ.

ಐದನೆಯದೇ ಎಲ್ಲಕ್ಕಿಂತ ಉಪಯುಕ್ತವಾದದ್ದು: ಒಟ್ಟುಗೂಡಿಸಿ ಕಳುಹಿಸುವುದು. ಒಂದು ಪುಸ್ತಕಕ್ಕೆ 60 ರೂಪಾಯಿ ಅಂಚೆಯಾದರೆ ನಾಲ್ಕಕ್ಕೆ 116, ಪುಸ್ತಕವೊಂದಕ್ಕೆ 29. ಮೊದಲ ಪುಸ್ತಕ ನೋಂದಣಿಯ ಭಾರವನ್ನು ಹೊರುತ್ತದೆ, ಉಳಿದವು ಅದರ ಹೆಗಲೇರಿ ಹೋಗುತ್ತವೆ. ಆ ವಿದ್ಯಾರ್ಥಿನಿಯ ಕರೆಯ ನಂತರ ನಾನು ಪಟ್ಟಿಯನ್ನೇ ಬದಲಿಸಿದೆ. ಪುಸ್ತಕದ ಬೆಲೆ ಇಷ್ಟು, ಕಟ್ಟುವ ಖರ್ಚು ಪೊಟ್ಟಣಕ್ಕೆ 10, ಅಂಚೆಯ ವೆಚ್ಚ ಪೊಟ್ಟಣದ ಮೇಲೆ ಎಷ್ಟಿದೆಯೋ ಅಷ್ಟು. ಎಷ್ಟು ಪುಸ್ತಕಗಳನ್ನು ಒಟ್ಟಿಗೆ ಕೊಂಡರೆ ಎಷ್ಟು ಉಳಿತಾಯವೆಂಬುದನ್ನೂ ಬರೆದೆ. ಮಗಳ ಭವಿಷ್ಯವಾಣಿ ಸುಳ್ಳಾಯಿತು. ಜನ ಓಡಿಹೋಗಲಿಲ್ಲ, ಒಂದು ಕೇಳುತ್ತಿದ್ದವರು ಮೂರು ಕೇಳಿದರು. ಒಂದೇ ಊರಿನ ಇಬ್ಬರು ಮಾತನಾಡಿಕೊಂಡು ಒಂದೇ ಪೊಟ್ಟಣ ತರಿಸಿಕೊಂಡದ್ದೂ ಉಂಟು. ನಾನು ಅಂಚೆಯ ವೆಚ್ಚವನ್ನು ಬೆಲೆಯಲ್ಲಿ ಬಚ್ಚಿಟ್ಟಿದ್ದಾಗ ಅವರಿಗೆ ಈ ಉಳಿತಾಯ ಕಾಣಿಸುತ್ತಲೇ ಇರಲಿಲ್ಲ.

ಇನ್ನೊಂದು ಎಚ್ಚರಿಕೆ. ತಲುಪಿದ ಮೇಲೆ ಹಣ ಎಂಬ ಪದ್ಧತಿ ನಮ್ಮಲ್ಲಿ ಹೊಸದಲ್ಲ. ವಿ.ಪಿ.ಪಿ. ಎಂದು ನಾವು ಕರೆಯುವ ವ್ಯಾಲ್ಯೂ ಪೇಯಬಲ್ ಪೋಸ್ಟ್ ಭಾರತದ ಅಂಚೆಯಲ್ಲಿ ಆರಂಭವಾದದ್ದು 1877ರಲ್ಲಿ. ನನ್ನ ಬಾಲ್ಯದಲ್ಲಿ ಅಂಚೆಯಣ್ಣ ವಿ.ಪಿ. ತಂದನೆಂದರೆ ಮನೆಯಲ್ಲಿ ಚಿಲ್ಲರೆಗಾಗಿ ಡಬ್ಬಿಗಳನ್ನು ತಡಕುವ ಸಂಭ್ರಮ. ಆದರೆ ಮನಸ್ಸು ಬದಲಿಸಿ ಪೊಟ್ಟಣವನ್ನು ಬೇಡವೆಂದರೆ ನಷ್ಟ ಮಾರಿದವನದೇ. ಮನೆಯಿಂದ ಮಾರುವವರು ಇಂತಹ ಗೊಡವೆಗೆ ಹೋಗದಿರುವುದೇ ಲೇಸು. ಮೊದಲು ಹಣ, ಆಮೇಲೆ ಪೊಟ್ಟಣ, ಕಳುಹಿಸಿದೊಡನೆ ರಸೀತಿಯ ಚಿತ್ರ. ರಸೀತಿಯ ಚಿತ್ರ ಕಳುಹಿಸಿದರೆ ಅಂಚೆಗೆ ಎಷ್ಟಾಯಿತೆಂಬ ಪ್ರಶ್ನೆಯೂ ಉಳಿಯದು.

ಇಷ್ಟೆಲ್ಲ ಹೇಳಿಯೂ ಒಂದು ಮಾತು ಉಳಿಯುತ್ತದೆ. ಅದು ನಮ್ಮ ನಿಮ್ಮ ಕೈಯಲ್ಲಿಲ್ಲದ್ದು. ನಾನು ಪುಸ್ತಕ ಮಾರಲು ಕುಳಿತದ್ದು ಕೆಟ್ಟ ಗಳಿಗೆಯಲ್ಲಿ. ಪುಸ್ತಕಗಳಿಗೆಂದೇ ಇದ್ದ ಅಗ್ಗದ ನೋಂದಾಯಿತ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರ್‌ನಲ್ಲಿ ನಿಂತುಹೋಗಿತ್ತು. ಆ ಸೇವೆಯಲ್ಲಿ 2 ಕಿಲೋ ಪುಸ್ತಕಕ್ಕೆ 45 ರೂಪಾಯಿ, 5 ಕಿಲೋಗೆ 80. ಅದೇ ಭಾರಕ್ಕೆ ಪಾರ್ಸೆಲಿನಲ್ಲಿ 116 ಮತ್ತು 229. ಕೊಪ್ಪಳಕ್ಕೆ ಹೋದ ಆ ಪೊಟ್ಟಣ ಎರಡು ತಿಂಗಳು ಮೊದಲು ಹೋಗಿದ್ದರೆ 71 ರೂಪಾಯಿ ಉಳಿಯುತ್ತಿತ್ತು. ಅವಳ ಶಾಲೆಗೆ ಇನ್ನೊಂದು ಪುಸ್ತಕ ಬರುತ್ತಿತ್ತು.

2025ರ ಮೇ 1ರಂದು ಅಂಚೆ ಇಲಾಖೆ "ಜ್ಞಾನ ಪೋಸ್ಟ್" ಎಂಬ ಹೊಸ ಸೇವೆಯನ್ನು ತಂದಿತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪೊಟ್ಟಣ ಎಲ್ಲಿದೆಯೆಂದು ತಿಳಿಯುವ ಅನುಕೂಲವೂ ಇದೆ. ಇದು ಸ್ವಾಗತಾರ್ಹ, ನನ್ನ ಕೊನೆಯ ಕೆಲವು ಪೊಟ್ಟಣಗಳು ಹೀಗೆಯೇ ಹೋದವು. ಆದರೆ ಇದು ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆಂದು ಇರುವ ಸೇವೆ. ವಾಣಿಜ್ಯ ಸ್ವರೂಪದ ಪ್ರಕಟಣೆಗಳಿಗೂ ನಿಯತಕಾಲಿಕೆಗಳಿಗೂ ಇದು ಸಲ್ಲದು. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ನನ್ನ ಅಭಿಪ್ರಾಯದಲ್ಲಿ ಪುಸ್ತಕವೆಂದರೆ ಪುಸ್ತಕ. ಐವತ್ತು ವರ್ಷದ ಹಿಂದಿನ ಪತ್ತೇದಾರಿ ಕಾದಂಬರಿಯಿಂದ ಓದಿನ ರುಚಿ ಹತ್ತಿಸಿಕೊಂಡ ಎಷ್ಟು ಮಂದಿಯನ್ನು ನಾನೇ ಕಂಡಿಲ್ಲ! ಯಾವುದು ಜ್ಞಾನ, ಯಾವುದು ಅಲ್ಲ ಎಂಬ ತೀರ್ಮಾನ ಅಂಚೆ ಕಚೇರಿಯ ಕಿಟಕಿಯಲ್ಲಿ ನಡೆಯುವಂತಾಗಬಾರದು. ಹಳೆಯ ಪುಸ್ತಕ ಒಬ್ಬ ಓದುಗನಿಂದ ಇನ್ನೊಬ್ಬ ಓದುಗನಿಗೆ ಹೋಗುವುದನ್ನು ಸರ್ಕಾರ ವ್ಯಾಪಾರವೆಂದು ನೋಡದೆ ಗ್ರಂಥಾಲಯದ ಕೆಲಸವೆಂದು ನೋಡಬೇಕು. ಪಟ್ಟಣದಲ್ಲಿರುವವನಿಗೆ ಪುಸ್ತಕದಂಗಡಿಯಿದೆ. ಅಂಗಡಿಯಿಲ್ಲದ ಊರಿನವನಿಗೆ ಅಂಚೆಯೇ ಪುಸ್ತಕದಂಗಡಿ. ಅಂಚೆಯ ದರ ಏರಿದರೆ ಮೊದಲು ಓದು ನಿಲ್ಲಿಸುವವನು ಅವನೇ.

ಮೈಸೂರಿಗೆ ಬಂದು ಈಗ ಕೆಲವು ಕಾಲವಾಯಿತು. ಎರಡು ಅರೆಗಳ ಕಪಾಟು ತುಂಬಿದೆ. ಮಂಚದ ಕೆಳಗೆ ಮೂರು ಪೆಟ್ಟಿಗೆಗಳಿವೆ. ಮಾರಾಟದಿಂದ ಬಂದ ಒಟ್ಟು ಹಣವನ್ನು ಕೇಳಿದರೆ ನಿಮಗೆ ಮತ್ತೆ ನಗು ಬಂದೀತು. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಪ್ರತಿ ಪೊಟ್ಟಣಕ್ಕೂ ಮೂರು ಸಾಲುಗಳಿವೆ: ಪುಸ್ತಕಕ್ಕೆ ಇಷ್ಟು, ಕಟ್ಟಲು ಇಷ್ಟು, ಅಂಚೆಗೆ ಇಷ್ಟು. ತಂದೆಯವರು ಇದ್ದಿದ್ದರೆ ಒಂದೊಂದೇ ಸಾಲನ್ನು ಓದಿಸಿ ಕೇಳುತ್ತಿದ್ದರು.

ಕೊಪ್ಪಳದ ಶಾಲೆಯಿಂದ ಕಳೆದ ವಾರ ಮತ್ತೆ ಪಟ್ಟಿ ಬಂದಿದೆ. ಈ ಸಲ ಏಳು ಪುಸ್ತಕಗಳು. ಕೊನೆಯಲ್ಲಿ ಅವಳು ಬರೆದಿದ್ದಾಳೆ: "ಸಾರ್, ಐದು ಕೆ.ಜಿ. ದಾಟಬಾರದು. ದಾಟಿದ್ರೆ ಒಂದನ್ನ ತೆಗೆದಿಡಿ, ಮುಂದಿನ ಸಲ ತರಿಸ್ಕೋತೀನಿ." ತಕ್ಕಡಿಯನ್ನು ಹೊರಗೆ ತೆಗೆದಿಟ್ಟಿದ್ದೇನೆ. ನಾಳೆ ತೂಗಬೇಕು.